ನಿಮಗಿದು ಗೊತ್ತೇ? ಡೀಸೆಲ್ ಫೋರ್ ವೀಲ್ ಡ್ರೈವಿನ ಕ್ಲಚ್ ಪೆಡಲ್ ಕಳಚುವ ಮುನ್ನ

ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮನೆಯ ಮಂದಿಯಂತೆ ಸಾಕಿಕೊಂಡವರು ಆಸ್ಟ್ರೇಲಿಯಾ, ಇಂಗ್ಲೆಂಡುಗಳಲ್ಲಿ ಬಹಳ ಜನ ಇದ್ದಾರೆ. ವಯಸ್ಸಾಗಿ ಎಡಮಂಡಿ ಕ್ಲಚ್ ತುಳಿಯಲು ಒಲ್ಲೆ ಅಂದರೂ ಗಾಡಿ ಮಾರಲು ಅವರಿಗೆ ಮನಸ್ಸು ಬಾರದು. ಹಾಗಾಗಿ ಮ್ಯಾನುಯಲ್ ಗೇರ್‌ಬಾಕ್ಸ್ ಇಳಿಸಿ ಆಟೋಮ್ಯಾಟಿಕ್ ಏರಿಸುತ್ತಾರೆ. ನೋಡುವವರಿಗೆ ಒಂದು ಪೆಟ್ಟಿಗೆ ತೆಗೆದು ಇನ್ನೊಂದು ಕೂರಿಸಿದಂತೆ ಕಾಣುತ್ತದೆ. ಆದರೆ ಆ ಒಂದು ಪೆಟ್ಟಿಗೆಯ ಹಿಂದೆ ಎಂಜಿನ್, ಎಣ್ಣೆ, ವೈರಿಂಗ್, ಶಾಫ್ಟ್, ಬ್ರೇಕು ಎಲ್ಲವೂ ಹೊಸದಾಗಿ ಹೊಂದಿಕೊಳ್ಳಬೇಕು. ಆ ಲೋಕದ ಕೆಲವು ಸಂಗತಿಗಳು ಇಲ್ಲಿವೆ.

ಹುಟ್ಟಿದ್ದು ಹಡಗಿಗೆ, ಹತ್ತಿದ್ದು ಬೆಟ್ಟ

● ಆಟೋಮ್ಯಾಟಿಕ್ ಗಾಡಿಯ ಜೀವಾಳವಾದ ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ಮೋಟಾರು ಗಾಡಿಗಲ್ಲ, ಹಡಗಿಗೆ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆಗ ಅವರು ಸ್ಟೆಟಿನ್ ನಗರದ ವಲ್ಕನ್ ಹಡಗುಕಟ್ಟೆಯಲ್ಲಿದ್ದರು. ಉಗಿ ಟರ್ಬೈನ್ ರಭಸದಿಂದ ತಿರುಗುತ್ತದೆ, ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಇವೆರಡರ ನಡುವೆ ದ್ರವವನ್ನು ಇಟ್ಟು ಶಕ್ತಿ ದಾಟಿಸುವ ಉಪಾಯ ಅವರದು.

● ಕನ್ವರ್ಟರಿನೊಳಗೆ ಮುಖಾಮುಖಿ ಇಟ್ಟ ಎರಡು ರೆಕ್ಕೆಚಕ್ರಗಳಿವೆ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎಸೆದ ಎಣ್ಣೆ ಇನ್ನೊಂದಕ್ಕೆ ಬಡಿದು ಅದನ್ನು ತಿರುಗಿಸುತ್ತದೆ. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ. ಹಿಂದಿರುಗುವ ಎಣ್ಣೆಯನ್ನು ಇದು ಸರಿಯಾದ ದಿಕ್ಕಿಗೆ ತಿರುಗಿಸಿ ಕಳಿಸುತ್ತದೆ. ಇದರ ದೆಸೆಯಿಂದಲೇ ಗಾಡಿ ಹೊರಡುವ ಕ್ಷಣದಲ್ಲಿ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಎರಡು ಪಟ್ಟಾಗುತ್ತದೆ.

● ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್. 1939ರಲ್ಲಿ ಅದನ್ನು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಕೊಟ್ಟರು.

● ಆಟೋಮ್ಯಾಟಿಕ್ ಎಂದರೆ ಪೇಟೆಗಷ್ಟೇ ಸರಿ, ಬೆಟ್ಟಕ್ಕಲ್ಲ ಎಂದು ನಂಬಿದವರು ಇದನ್ನು ಓದಬೇಕು. 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಯ ಹಿಮದಲ್ಲಿ ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಎಂ5 ಟ್ಯಾಂಕುಗಳು ಹನ್ನೊಂದು ಸಾವಿರ ಅಡಿಗೂ ಮೇಲೆ ಹತ್ತಿದವು. ಆ ಕಾರ್ಯಾಚರಣೆಯ ನೇತೃತ್ವ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರದು. ಎಂ5 ಟ್ಯಾಂಕಿನಲ್ಲಿ ಇದ್ದದ್ದು ಎರಡು ಕ್ಯಾಡಿಲಾಕ್ ಎಂಜಿನ್‌ಗಳು ಮತ್ತು ಇದೇ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್.

● ಅಮೆರಿಕದ ಸೇನೆ 1985ರಿಂದ ಬಳಸುತ್ತಿರುವ ಹಮ್ವೀ ಗಾಡಿ ಮೊದಲಿನಿಂದಲೂ ಡೀಸೆಲ್, ಮೊದಲಿನಿಂದಲೂ ಆಟೋಮ್ಯಾಟಿಕ್. ಆರಂಭದಲ್ಲಿ 6.2 ಲೀಟರ್ ಎಂಜಿನ್ನಿಗೆ ಮೂರೇ ಗೇರಿನ ಪೆಟ್ಟಿಗೆ ಜೋಡಿಸಿದ್ದರು.

ಬದಲಿಸುವವರು ಯಾರು, ಏಕೆ?

● ಲ್ಯಾಂಡ್ ರೋವರ್ ಡಿಫೆಂಡರಿನ ಹಳೆಯ ಪೀಳಿಗೆಯ ಕೊನೆಯ ಗಾಡಿ ಇಂಗ್ಲೆಂಡಿನ ಸೋಲಿಹಲ್ ಕಾರ್ಖಾನೆಯಿಂದ ಹೊರಬಂದದ್ದು 2016ರ ಜನವರಿ 29ರಂದು. ಅಲ್ಲಿಯವರೆಗೂ ಸಾಮಾನ್ಯ ಗಿರಾಕಿಗೆ ಡೀಸೆಲ್ ಡಿಫೆಂಡರ್ ಸಿಕ್ಕಿದ್ದು ಮ್ಯಾನುಯಲ್ ಗೇರಿನಲ್ಲಿ ಮಾತ್ರ. 2020ರಲ್ಲಿ ಬಂದ ಹೊಸ ಡಿಫೆಂಡರಿನಲ್ಲಿ ಮ್ಯಾನುಯಲ್ ಗೇರೇ ಇಲ್ಲ.

● ಅದೇ ಕಂಪನಿಯ ಡಿಸ್ಕವರಿಗೆ ಮಾತ್ರ 300 ಟಿಡಿಐ ಡೀಸೆಲ್ ಎಂಜಿನ್ ಜೊತೆ ಜರ್ಮನಿಯ ಝಡ್‌ಎಫ್ ಕಂಪನಿಯ 4ಎಚ್‌ಪಿ22 ಆಟೋಮ್ಯಾಟಿಕ್ ಸಿಗುತ್ತಿತ್ತು. ಡಿಫೆಂಡರಿನಲ್ಲೂ ಅದೇ ಎಂಜಿನ್, ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಅದೇ ಎಲ್‌ಟಿ230 ಟ್ರಾನ್ಸ್‌ಫರ್ ಬಾಕ್ಸ್. ಹೀಗಾಗಿ ತುಕ್ಕು ಹಿಡಿದು ಮೂಲೆ ಸೇರಿದ ಆಟೋಮ್ಯಾಟಿಕ್ ಡಿಸ್ಕವರಿಯ ಒಳಾಂಗಗಳು ಡಿಫೆಂಡರಿಗೆ ಬಂದು ಎರಡನೆಯ ಜನ್ಮ ಪಡೆದವು.

● ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿ ಹುಟ್ಟಿದ್ದು 1984ರಲ್ಲಿ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಅದಕ್ಕೆ 4.5 ಲೀಟರಿನ ವಿ8 ಡೀಸೆಲ್ ಎಂಜಿನ್ ಬಂತು. ಗೇರು ಮಾತ್ರ ಐದರ ಮ್ಯಾನುಯಲ್ಲೇ. ಅದೇ ಮನೆತನದ ಲ್ಯಾಂಡ್ ಕ್ರೂಸರ್ 200ರಲ್ಲಿ ಇದೇ ವಿ8 ಎರಡು ಟರ್ಬೊ ಕಟ್ಟಿಕೊಂಡು ಆರು ಗೇರಿನ ಆಟೋಮ್ಯಾಟಿಕ್ ಜೊತೆ ಓಡುತ್ತಿತ್ತು. ಅಲ್ಲಿನ ಗ್ಯಾರೇಜುಗಳಿಗೆ ದಾರಿ ಕಂಡದ್ದೇ ಹಾಗೆ.

● 2023ರಲ್ಲಿ ಟೊಯೊಟಾ 70 ಸರಣಿಗೆ 2.8 ಲೀಟರ್ ಡೀಸೆಲ್ ಎಂಜಿನ್ ಮತ್ತು ಆರು ಗೇರಿನ ಆಟೋಮ್ಯಾಟಿಕ್ ಪ್ರಕಟಿಸಿತು. ವಿ8 ಎಂಜಿನ್ನಿನ ಟಾರ್ಕ್ 430 ನ್ಯೂಟನ್ ಮೀಟರ್. ನಾಲ್ಕೇ ಸಿಲಿಂಡರಿನ ಈ ಪುಟ್ಟ ಎಂಜಿನ್ನಿನದು 500.

● 70 ಸರಣಿಯ ಪಿಕಪ್ ಆಸ್ಟ್ರೇಲಿಯಾದಲ್ಲಿ 3,500 ಕಿಲೋ ತೂಕದ ಕ್ಯಾರವಾನ್ ಎಳೆಯಬಲ್ಲದು. ಅಷ್ಟು ಭಾರವನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಹಾಫ್ ಕ್ಲಚ್ಚಿನಲ್ಲಿ ಸುಡುವ ಪ್ಲೇಟಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಸಾಕು, ಆಟೋಮ್ಯಾಟಿಕ್ ಏಕೆ ಬೇಕು ಎಂದು ಮತ್ತೆ ಕೇಳಬೇಕಿಲ್ಲ.

ಎಂಜಿನ್ನಿನ ಬೆನ್ನಿಗೆ ಕೈ ಹಾಕಿದಾಗ

● ಮ್ಯಾನುಯಲ್ ಗಾಡಿಯ ದಪ್ಪ, ಭಾರದ ಫ್ಲೈವೀಲ್ ಆಟೋಮ್ಯಾಟಿಕ್ಕಿಗೆ ಬೇಡ. ಅದರ ಜಾಗಕ್ಕೆ ಫ್ಲೆಕ್ಸ್ ಪ್ಲೇಟ್ ಎಂಬ ತೆಳು ಉಕ್ಕಿನ ತಟ್ಟೆ ಬರುತ್ತದೆ. ಎಣ್ಣೆ ತುಂಬಿದ ಕನ್ವರ್ಟರಿನ ತೂಕವೇ ಫ್ಲೈವೀಲಿನ ಕೆಲಸ ಮಾಡುತ್ತದೆ. ಸ್ಟಾರ್ಟರ್ ಮೋಟಾರ್ ಕಚ್ಚುವ ಹಲ್ಲುಗಳೂ ಈ ತಟ್ಟೆಯ ಅಂಚಿಗೇ ಬರುತ್ತವೆ.

● ಕ್ರ್ಯಾಂಕ್ ಶಾಫ್ಟಿನ ತುದಿಯ ಕುಳಿಯಲ್ಲಿ ಮ್ಯಾನುಯಲ್ ಗೇರ್‌ಬಾಕ್ಸಿನ ಶಾಫ್ಟಿಗೆ ಆಸರೆಯಾಗಿ ಒಂದು ಪುಟ್ಟ ಬೇರಿಂಗ್ ಅಥವಾ ಬುಷ್ ಕೂತಿರುತ್ತದೆ. ಕನ್ವರ್ಟರಿನ ಮೂತಿ ಆ ಕುಳಿಯಲ್ಲಿ ಕೂರಬೇಕಾದರೆ ಅದನ್ನು ಮೊದಲು ಕಿತ್ತು ತೆಗೆಯಬೇಕು. ಬೆರಳುದ್ದವೂ ಇಲ್ಲದ ಇದನ್ನು ಮರೆತವರು ಇಡೀ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸಬೇಕಾಗುತ್ತದೆ.

● ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಗಳಿಗೆ ಯಾವುದು ಗೊತ್ತೇ? ಕನ್ವರ್ಟರನ್ನು ಗೇರ್‌ಬಾಕ್ಸಿನ ಮೂತಿಗೆ ಕೂರಿಸುವುದು. ಎರಡೂ ಕೈಯಲ್ಲಿ ಹಿಡಿದು, ಒಳಕ್ಕೆ ಒತ್ತುತ್ತಾ ಮೆಲ್ಲಗೆ ತಿರುಗಿಸುತ್ತಿರಬೇಕು. ಒಂದು 'ಟಕ್' ಕೇಳಿ ಅದು ಸ್ವಲ್ಪ ಒಳಗೆ ಜಾರುತ್ತದೆ. ಮತ್ತೆ ತಿರುಗಿಸಿದರೆ ಇನ್ನೊಂದು 'ಟಕ್'. ಇನ್‌ಪುಟ್ ಶಾಫ್ಟ್, ಸ್ಟೇಟರ್ ಶಾಫ್ಟ್, ಎಣ್ಣೆ ಪಂಪು, ಹೀಗೆ ಮೂರೂ ಕಡೆ ಹಲ್ಲು ಕಚ್ಚಿ ಕೂತ ಮೇಲೆಯೇ ಅದು ಪೂರ್ತಿ ಒಳಗೆ ಹೋಗುತ್ತದೆ. ಎರಡೇ 'ಟಕ್' ಕೇಳಿ ಸಾಕೆಂದು ಬೋಲ್ಟ್ ಬಿಗಿದರೆ ಎಂಜಿನ್ ಶುರುವಾಗುವ ಮೊದಲೇ ಪಂಪು ಒಡೆದಿರುತ್ತದೆ. ಗೊತ್ತಿರುವ ಮೆಕ್ಯಾನಿಕ್ ಕನ್ವರ್ಟರನ್ನು ಸುತ್ತುವರಿದ ಬೆಲ್ ಹೌಸಿಂಗಿನ ಅಂಚಿಗೆ ಸ್ಕೇಲ್ ಅಡ್ಡ ಇಟ್ಟು ಕನ್ವರ್ಟರ್ ಎಷ್ಟು ಒಳಗಿದೆ ಎಂದು ಅಳೆಯದೆ ಬೋಲ್ಟಿಗೆ ಕೈ ಹಾಕುವುದಿಲ್ಲ.

● ಬೇರೆ ಕಂಪನಿಯ ಗೇರ್‌ಬಾಕ್ಸ್ ಹಾಕುವುದಾದರೆ ಎಂಜಿನ್ನಿಗೂ ಅದಕ್ಕೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದರ ರಂಧ್ರಗಳು ಎರಡೂ ಕಡೆ ಕೂಡಿದರೆ ಸಾಲದು. ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್‌ಬಾಕ್ಸಿನ ನಡುಗೆರೆ ಒಂದೇ ನೇರದಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಮುಂದೆ ಫ್ಲೆಕ್ಸ್ ಪ್ಲೇಟ್ ಬಿರುಕು ಬಿಡುತ್ತದೆ, ಪಂಪಿನ ಸೀಲ್ ಸೋರುತ್ತದೆ.

● ಹೊಸ ಗೇರ್‌ಬಾಕ್ಸ್ ಉದ್ದವಾಗಿದ್ದರೆ ಟ್ರಾನ್ಸ್‌ಫರ್ ಬಾಕ್ಸ್ ಹಿಂದಕ್ಕೆ ಸರಿಯುತ್ತದೆ. ಆಗ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಬೇಕು, ಮುಂದಿನದನ್ನು ಉದ್ದ ಮಾಡಿಸಬೇಕು. ಎರಡನ್ನೂ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಕೆಲವೊಮ್ಮೆ ಸೈಲೆನ್ಸರ್ ಕೊಳವೆ ಕೂಡ ಜಾಗ ಬದಲಿಸುತ್ತವೆ.

● ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು. ಅದನ್ನು ನೋಡಿಕೊಳ್ಳುವುದು ಗೇರ್‌ಬಾಕ್ಸಿನ ಪಕ್ಕದ ಒಂದು ಸ್ವಿಚ್. ಆ ವೈರನ್ನು ಜೋಡಿಸದೆ ಬಿಟ್ಟರೆ ಗಾಡಿ ಗೇರಿನಲ್ಲಿರುವಾಗಲೇ ಸ್ಟಾರ್ಟ್ ಆಗಿ ಮುಂದಕ್ಕೆ ಚಿಮ್ಮೀತು. ಮುಂದೆ ನಿಂತವರ ಜೀವ ಆ ವೈರಿನಲ್ಲಿದೆ. ರಿವರ್ಸ್ ದೀಪ ಹೊತ್ತಿಸುವ ಕೆಲಸವೂ ಸಾಮಾನ್ಯವಾಗಿ ಅದೇ ಸ್ವಿಚ್ಚಿನದು.

ಡೀಸೆಲ್ ಎಂಜಿನ್ನಿನ ಹಟ

● ಪೆಟ್ರೋಲ್ ಗಾಡಿಯ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಹಲವು, ಎಂಜಿನ್ನಿನ ಮೇಲೆ ಎಷ್ಟು ಹೊರೆ ಇದೆ ಎಂಬುದನ್ನು ಅದು ಗಾಳಿ ಹೀರುವ ನಿರ್ವಾತದಿಂದ ತಿಳಿಯುತ್ತಿದ್ದವು. ಹಳೆಯ ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಗಾಳಿ ತಡೆಯುವ ಥ್ರಾಟಲ್ ಬಾಗಿಲು ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಆ ನಿರ್ವಾತವೂ ಹುಟ್ಟುವುದಿಲ್ಲ. ಪೆಟ್ರೋಲ್ ಗಾಡಿಯ ಪೆಟ್ಟಿಗೆ ತಂದು ಡೀಸೆಲ್ಲಿಗೆ ಕಟ್ಟಿದರೆ ಅದು ಕಣ್ಣು ಕಟ್ಟಿದ ಎತ್ತಿನಂತಾಗುತ್ತದೆ.

● ಇದಕ್ಕೆ ಪರಿಹಾರ ಒಂದು ಸಣ್ಣ ಕೇಬಲ್. ಒಂದು ತುದಿ ಡೀಸೆಲ್ ಪಂಪಿನ ಲಿವರಿಗೆ, ಇನ್ನೊಂದು ತುದಿ ಗೇರ್‌ಬಾಕ್ಸಿನೊಳಗಿನ ವಾಲ್ವಿಗೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದು ಗೇರ್‌ಬಾಕ್ಸಿಗೆ ತಿಳಿಯುವುದು ಈ ಕೇಬಲ್ಲಿನಿಂದ. ಹಲವು ಪೆಟ್ಟಿಗೆಗಳಲ್ಲಿ ಗೇರು ಬದಲಾಗುವ ಹೊತ್ತನ್ನಷ್ಟೇ ಅಲ್ಲ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡವನ್ನೂ ಇದೇ ನಿರ್ಧರಿಸುತ್ತದೆ. ಕೇಬಲ್ ಸಡಿಲವಿದ್ದರೆ ಗೇರು ಬೆಣ್ಣೆಯಂತೆ ಮೃದುವಾಗಿ ಬದಲಾಗುತ್ತದೆ, ಓಡಿಸುವವರಿಗೆ ಹಿತವೆನಿಸುತ್ತದೆ. ಆದರೆ ಆ ಮೃದುತನವೇ ಅಪಾಯದ ಗುರುತು. ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತಾ, ಸುಡುತ್ತಾ ಇರುತ್ತವೆ.

● ಹಳೆಯ ಡೀಸೆಲ್ ಎಂಜಿನ್ನುಗಳ ಉಸಿರು ನಿಮಿಷಕ್ಕೆ 4,000 ಸುತ್ತಿನ ಆಸುಪಾಸಿಗೆ ಮುಗಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಹೊಂದಿಸಿದ ಗೇರ್‌ಬಾಕ್ಸ್ ಅದಕ್ಕೂ ಮೇಲಿನ ಸುತ್ತಿಗಾಗಿ ಕಾಯುತ್ತಾ ಮುಂದಿನ ಗೇರಿಗೆ ಹೋಗುವುದೇ ಇಲ್ಲ. ಆದ್ದರಿಂದ ಗೇರು ಬದಲಾಗುವ ವೇಗ ನಿರ್ಧರಿಸುವ ಡೀಸೆಲ್ ಗಾಡಿಯದೇ ಗವರ್ನರ್, ಡೀಸೆಲ್ ಗಾಡಿಯದೇ ಕನ್ವರ್ಟರ್ ಬೇಕು.

● ಡಿಸ್ಕವರಿಯ 300 ಟಿಡಿಐ ಎಂಜಿನ್ ಮ್ಯಾನುಯಲ್ಲಿನಲ್ಲಿ 111 ಅಶ್ವಶಕ್ತಿ ಕೊಡುತ್ತಿತ್ತು. ಆಟೋಮ್ಯಾಟಿಕ್ ಗಾಡಿಗಳಿಗಾಗಿ ಎಲೆಕ್ಟ್ರಾನಿಕ್ ಪಂಪ್ ಕೂರಿಸಿ ಕಂಪನಿ ಅದನ್ನು 122ಕ್ಕೆ ಏರಿಸಿತು. ಹೊರಗಿನಿಂದ ಒಂದೇ ರೀತಿ ಕಂಡರೂ ಎರಡರ ವೈರಿಂಗೇ ಬೇರೆ.

● ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್ ನೋಡಿ. 2021ರಲ್ಲಿ ಬಂದ ಪರಿಷ್ಕೃತ ಮಾದರಿಯಲ್ಲಿ ಅದೇ 2.8 ಲೀಟರ್ ಡೀಸೆಲ್ ಎಂಜಿನ್ ಮ್ಯಾನುಯಲ್ ಗೇರಿನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಆಟೋಮ್ಯಾಟಿಕ್‌ನಲ್ಲಿ 500. ಗೇರ್‌ಬಾಕ್ಸ್ ಎಷ್ಟು ತಾಳುತ್ತದೆಯೋ ಅಷ್ಟೇ ಶಕ್ತಿ ಕೊಡಲು ಎಂಜಿನ್ನಿಗೆ ಅಪ್ಪಣೆ. ಲ್ಯಾಂಡ್ ಕ್ರೂಸರ್ 70ರ ಆಟೋಮ್ಯಾಟಿಕ್ ಮಾದರಿಯಲ್ಲಿರುವುದೂ ಇದೇ ಮನೆತನದ ಎಂಜಿನ್. ಫಾರ್ಚೂನರಿನ ಎಂಜಿನ್ ತಯಾರಾಗುವುದು ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ.

ಎಣ್ಣೆ ಮತ್ತು ಬಿಸಿ

● ಹಿಂದೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ಚುಗಳು ನಯವಾಗಿ ಕಚ್ಚಲು ಅದು ಬೇಕಿತ್ತು. 1970ರ ದಶಕದ ಆರಂಭದಲ್ಲಿ ತಿಮಿಂಗಿಲಗಳನ್ನು ಉಳಿಸುವ ಕಾನೂನುಗಳು ಅಮೆರಿಕದಲ್ಲಿ ಬಂದ ಮೇಲೆ ಅದನ್ನು ಕೈಬಿಟ್ಟು ರಾಸಾಯನಿಕಗಳಿಂದ ಅದೇ ಗುಣ ತರಬೇಕಾಯಿತು.

● ಆಟೋಮ್ಯಾಟಿಕ್ ಪೆಟ್ಟಿಗೆಯ ಎಣ್ಣೆಗೆ ಕೆಂಪು ಬಣ್ಣ ಬೆರೆಸಿರುವುದು ಗುರುತಿಗಾಗಿ. ಗಾಡಿಯ ಕೆಳಗೆ ಸೋರಿದ ಹನಿ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ನೆಲ ನೋಡಿಯೇ ಹೇಳಬಹುದು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ. ತಿಳಿಗೆಂಪಾಗಿ ಹರಡಿದರೆ ಒಳ್ಳೆಯದು. ಕಂದಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಬೆಂದಿವೆ. ಅಂಥ ಪೆಟ್ಟಿಗೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

● ಮ್ಯಾನುಯಲ್ ಗಾಡಿಯಲ್ಲಿ ಹಾಫ್ ಕ್ಲಚ್ ಹಿಡಿದರೆ ಪ್ಲೇಟ್ ಸುಡುತ್ತದೆ. ಆಟೋಮ್ಯಾಟಿಕ್‌ನಲ್ಲಿ ಅದೇ ಬಿಸಿ ಎಣ್ಣೆಗೆ ಹೋಗುತ್ತದೆ. ಆದ್ದರಿಂದ ರೇಡಿಯೇಟರಿನ ಹತ್ತಿರ ಎಣ್ಣೆ ತಣಿಸುವ ಕೂಲರ್ ಇಲ್ಲದೆ ಈ ಬದಲಾವಣೆ ಪೂರ್ತಿಯಾಗದು. ಕ್ಯಾರವಾನ್ ಎಳೆಯುವವರು ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಉಷ್ಣತೆ ತೋರಿಸುವ ಮಾಪಕವನ್ನೂ ಕೂರಿಸಿಕೊಳ್ಳುತ್ತಾರೆ.

● ಎಂಜಿನ್ ಆಯಿಲ್ ಮಟ್ಟವನ್ನು ಎಂಜಿನ್ ನಿಲ್ಲಿಸಿ ನೋಡುತ್ತೇವೆ. ಹೆಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಬಿಸಿಯಾದ ಮೇಲೆ ನೋಡಬೇಕು. ನಿಲ್ಲಿಸಿ ನೋಡಿದರೆ ಕಾಣುವ ಲೆಕ್ಕ ಸುಳ್ಳು.

ದಾರಿಗಿಳಿದ ಮೇಲೆ

● ಡೀಸೆಲ್ ಡಿಫೆಂಡರಿನ ಆರ್380 ಮ್ಯಾನುಯಲ್ ಪೆಟ್ಟಿಗೆಯ ಮೊದಲ ಗೇರಿನ ಅನುಪಾತ 3.69. ಝಡ್‌ಎಫ್ ಆಟೋಮ್ಯಾಟಿಕ್ಕಿನದು 2.48. ಇವನ್ನು ಟ್ರಾನ್ಸ್‌ಫರ್ ಬಾಕ್ಸಿನ ಲೋ ರೇಂಜಿನ 3.32 ಮತ್ತು ಆಕ್ಸಲಿನ 3.54ರಿಂದ ಗುಣಿಸಿ. ಮ್ಯಾನುಯಲ್ಲಿನಲ್ಲಿ ಎಂಜಿನ್ ಸುಮಾರು 43 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಆಟೋಮ್ಯಾಟಿಕ್ಕಿನಲ್ಲಿ ಸುಮಾರು 29ಕ್ಕೇ ಒಂದು ಸುತ್ತು. ಏರು ಹತ್ತುವಾಗ ಕನ್ವರ್ಟರ್ ಟಾರ್ಕನ್ನು ಎರಡು ಪಟ್ಟು ಮಾಡಿದರೆ ಈ 29 ಎಂಬುದು 58ರ ಕೆಲಸ ಮಾಡುತ್ತದೆ, ಮ್ಯಾನುಯಲ್ ಹಿಂದೆ ಬೀಳುತ್ತದೆ. ಇಳಿಯುವಾಗ ಕನ್ವರ್ಟರಿನ ಆ ನೆರವು ಇಲ್ಲ, ಉಳಿಯುವುದು ಬರೀ 29. ಹಾಗಾಗಿ ಎಂಜಿನ್ ಬ್ರೇಕಿಂಗಿನಲ್ಲಿ ಮ್ಯಾನುಯಲ್ಲೇ ಮೇಲು. ಬದಲಿಸಿದ ಗಾಡಿಯಲ್ಲಿ ಕಡಿದಾದ ಇಳಿಜಾರಿಗೆ ಹೋಗುವ ಮೊದಲು ಬ್ರೇಕುಗಳನ್ನು ಪರೀಕ್ಷಿಸಿಕೊಳ್ಳಬೇಕು.

● ಆಳದ ಮರಳಿನಲ್ಲಿ ಗೇರು ಬದಲಿಸಲು ಕ್ಲಚ್ ತುಳಿದ ಅರೆಕ್ಷಣದಲ್ಲೇ ಗಾಡಿಯ ಓಟ ಸತ್ತು ಚಕ್ರ ಹೂತುಹೋಗುತ್ತದೆ. ಆಟೋಮ್ಯಾಟಿಕ್ ಗೇರು ಬದಲಿಸುವಾಗಲೂ ಚಕ್ರಕ್ಕೆ ಶಕ್ತಿ ಹರಿಯುತ್ತಲೇ ಇರುತ್ತದೆ. ಮರಳುಗಾಡಿನವರು ಇದನ್ನು ಮೆಚ್ಚಲು ಮುಖ್ಯ ಕಾರಣವೇ ಇದು.

● 'ಪಿ' ಹಾಕಿದ್ದೇನೆ, ಗಾಡಿ ಅಲುಗದು ಎಂದು ನಂಬಿ ಇಳಿಯಬೇಡಿ. 'ಪಿ' ಹಿಡಿಯುವುದು ಗೇರ್‌ಬಾಕ್ಸಿನ ಹೊರ ಶಾಫ್ಟನ್ನು. ಅದರ ಹಿಂದಿನ ಟ್ರಾನ್ಸ್‌ಫರ್ ಬಾಕ್ಸ್ ನ್ಯೂಟ್ರಲ್‌ನಲ್ಲಿದ್ದರೆ ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಗಾಡಿ ಉರುಳಿ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಕಡ್ಡಾಯ.

● ಬ್ಯಾಟರಿ ಸತ್ತರೆ ಆಟೋಮ್ಯಾಟಿಕ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಒಳಗಿನ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಗೇರು ಹಿಡಿಯುವುದಿಲ್ಲ. ಕಾಡುದಾರಿಗೆ ಹೋಗುವವರು ಎರಡನೆಯ ಬ್ಯಾಟರಿ ಇಟ್ಟುಕೊಳ್ಳುವುದು ಅದಕ್ಕೇ.

● ಕೆಟ್ಟು ನಿಂತ ಗಾಡಿಯನ್ನು ಹಾಗೇ ದೂರಕ್ಕೆ ಎಳೆದೊಯ್ದರೂ ಇದೇ ತೊಂದರೆ. ಪಂಪು ತಿರುಗದೆ ಒಳಗಿನ ಹಲ್ಲುಗಳಿಗೆ ಎಣ್ಣೆ ಸಿಗುವುದಿಲ್ಲ. ಗಾಡಿಯ ಕೈಪಿಡಿ ನೋಡಿ ಟ್ರಾನ್ಸ್‌ಫರ್ ಬಾಕ್ಸನ್ನು ನ್ಯೂಟ್ರಲ್‌ಗೆ ಹಾಕಬೇಕು, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು.

ಕಾನೂನು ಏನನ್ನುತ್ತದೆ?

● ಆಸ್ಟ್ರೇಲಿಯಾದಲ್ಲಿ ಹಗುರ ವಾಹನಗಳ ಮಾರ್ಪಾಡಿಗೆ ವಿಎಸ್‌ಬಿ 14 ಎಂಬ ರಾಷ್ಟ್ರೀಯ ನಿಯಮಾವಳಿ ಇದೆ. ಗೇರ್‌ಬಾಕ್ಸ್ ಬದಲಾವಣೆಗೆ ಅದರಲ್ಲಿ ಪ್ರತ್ಯೇಕ ಭಾಗವೇ ಉಂಟು.

● ನಮ್ಮಲ್ಲಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ. ಪುಸ್ತಕದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

● ಅದೇ ಕಾಯ್ದೆ ಅಂಗವಿಕಲರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ತಮ್ಮ ಗಾಡಿಯನ್ನು ತಮ್ಮ ದೇಹಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಲು ಅವಕಾಶವಿದೆ. ಅಂಥವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗುವುದು ಕ್ಷೇಮ.

● ಕಾರ್ಖಾನೆಯಿಂದಲೇ ಆಟೋಮ್ಯಾಟಿಕ್ ಆಗಿ ಬಂದ ಗಾಡಿಗೆ ಈ ತಕರಾರಿಲ್ಲ. 2010ರಲ್ಲಿ ಬಂದ ಮಹೀಂದ್ರ ಥಾರ್ ಮ್ಯಾನುಯಲ್ ಮಾತ್ರ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್‌ಗೆ ಡೀಸೆಲ್ಲಿನಲ್ಲೂ ಆರು ಗೇರಿನ ಆಟೋಮ್ಯಾಟಿಕ್ ಸಿಕ್ಕಿತು.

ಕೊನೆಯದಾಗಿ

ಅನುಮತಿ ಇರುವ ದೇಶದಲ್ಲಿ ಈ ಕೆಲಸಕ್ಕೆ ಕೈ ಹಾಕುವ ಕನ್ನಡಿಗರಿಗೆ ಒಂದು ಮಾತು. ಬಿಡಿ ಗೇರ್‌ಬಾಕ್ಸ್ ಕೊಳ್ಳಬೇಡಿ. ಅದೇ ಎಂಜಿನ್ನಿರುವ ಆಟೋಮ್ಯಾಟಿಕ್ ಗಾಡಿಯೊಂದನ್ನು ಇಡಿಯಾಗಿ ಕೊಳ್ಳಿ. ಸಾಧ್ಯವಾದರೆ ಅದನ್ನು ಓಡಿಸಿ ನೋಡಿದ ಮೇಲೆ ಕೊಳ್ಳಿ. ಫ್ಲೆಕ್ಸ್ ಪ್ಲೇಟ್, ಕನ್ವರ್ಟರ್, ಕೇಬಲ್, ಕೂಲರ್, ಪೆಡಲ್, ಸ್ವಿಚ್, ಕೊನೆಗೆ ಬೋಲ್ಟುಗಳ ಉದ್ದ ಕೂಡ ಅದರಲ್ಲಿ ಸರಿಯಾಗಿ ಸಿಗುತ್ತವೆ. ಕೆಲಸ ಮುಗಿದು ದಾಖಲೆಗಳು ಕೈಸೇರುವವರೆಗೆ ಆ ಗಾಡಿಯ ಒಂದು ನಟ್ಟನ್ನೂ ಮಾರಬೇಡಿ.

ಊರಲ್ಲಿರುವವರಿಗೆ ಇನ್ನೂ ಸರಳವಾದ ಮಾತು: ಆಟೋಮ್ಯಾಟಿಕ್ ಬೇಕೆನಿಸಿದರೆ ಆಟೋಮ್ಯಾಟಿಕ್ ಗಾಡಿಯನ್ನೇ ಕೊಳ್ಳಿ.